ತಾಳಕ್ಕೆ ಕಾಯುವ ಸೊಗಸು

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ವಿಳಾಸ ಕೇಳಿದರೆ ಪಿಲ್ಲರ್ ನಂಬರ್ ಹೇಳುತ್ತಾರೆ. ಇಲ್ಲಿಂದ ಆರಾಂಘರ್‌ವರೆಗೆ 11.6 ಕಿಲೋಮೀಟರ್ ಚಾಚಿಕೊಂಡಿರುವ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಯ ಪಿಲ್ಲರುಗಳೇ ಈ ಭಾಗದವರ ಗುರುತು. ಬೇಸಿಗೆಯ ಸಂಜೆ ರೈತುಬಜಾರಿನಿಂದ ತರಕಾರಿ ಹಿಡಿದು ಬರುವಾಗ ನನ್ನ ಕಿವಿ ಮಾತ್ರ ಬೇರೊಂದು ಕಂಬದ ಮೇಲಿರುತ್ತದೆ, ಗಲ್ಲಿ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಹೊತ್ತು ನಿಂತ ಜೋಡಿ ಕಂಬದ ಮೇಲೆ. ಮನೆಮನೆಯ ಎ.ಸಿ.ಗಳು ಎದ್ದಂತೆ ಅದರ ಗುಂಯ್ ಸದ್ದು ತುಸು ದಪ್ಪಗಾಗುತ್ತದೆ.

ಆ ಗುಂಯ್ ಇಡೀ ದೇಶದ ಶ್ರುತಿ. ಸೆಕೆಂಡಿಗೆ 50 ಆವರ್ತದ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು 100 ಸಲ ನಡುಗಿಸಿ ಹೊರಡಿಸುವ ಸದ್ದು ಅದು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದಾಗ ದಕ್ಷಿಣದಲ್ಲಿ ದೀಪ ಉರಿಯುತ್ತಿತ್ತು. ನಮ್ಮ ತಾಳ ಆಗ ಬೇರೆಯಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾಗಿ ದೇಶವೆಲ್ಲ ಒಂದೇ ಲಯಕ್ಕೆ ಬಂತು. ಈಗ ಈ ಗಲ್ಲಿಯ ಎ.ಸಿ.ಯೂ ಪಂಜಾಬಿನ ಪಂಪ್‌ಸೆಟ್ಟೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ.

ಇಂಥ ಜಾಲಕ್ಕೆ ನಾವು ಜಾಣತನ ಕಲಿಸಹೊರಟಿದ್ದೇವೆ. ಮೈಸೂರಿನ ವಿ.ವಿ. ಮೊಹಲ್ಲಾ, ಹೈದರಾಬಾದಿನದೇ ಜೀಡಿಮೆಟ್ಲ, ಇವು ಸ್ಮಾರ್ಟ್ ಗ್ರಿಡ್‌ನ ಮೊದಮೊದಲ ಪ್ರಯೋಗಗಳ ಪಟ್ಟಿಯಲ್ಲಿದ್ದ ಹೆಸರುಗಳು. ಆದರೆ ಹೊಸ ಉಪಾಯ ಹೊಳೆದಾಗಲೆಲ್ಲ ಜನರ ಮನೆಯ ದೀಪದ ಮೇಲೆ ಪರೀಕ್ಷೆ ಮಾಡಲಾದೀತೆ? ಮೊದಲು ಕಂಪ್ಯೂಟರಿನೊಳಗೆ ಗಲ್ಲಿ ಕಟ್ಟಬೇಕು. ಅಲ್ಲಿ ಒಬ್ಬರಿಗೇ ಎಲ್ಲ ವಿದ್ಯೆ ಬಾರದು. ತಂತಿಯ ಲೆಕ್ಕ ಬಲ್ಲದ್ದು ಗ್ರಿಡ್‌ಲ್ಯಾಬ್-ಡಿಯಂಥ ತಂತ್ರಾಂಶ. ಮೀಟರುಗಳ ಸಂದೇಶ ಹೇಗೆ ಓಡುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬಲ್ಲದ್ದು ಎನ್‌ಎಸ್-3ರಂಥದ್ದು. ಇವನ್ನು ಒಂದೇ ಗಡಿಯಾರಕ್ಕೆ ಕಟ್ಟಿ ಆಡಿಸುವುದೇ ಕೋ-ಸಿಮ್ಯುಲೇಷನ್.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಕರ್ಣನ ಅರ್ಥಧಾರಿ ಕೃಷ್ಣನ ಮನಸ್ಸಿನೊಳಗೆ ಇಳಿಯಬೇಕಿಲ್ಲ. ಅವನಾಡಿದ ಮಾತು ಕಿವಿಗೆ ಬಿದ್ದರೆ ಸಾಕು. ಭಾಗವತರು ಪದ ಹೇಳಿ ಮುಗಿಸುವವರೆಗೆ ಎಂಥ ವಾಗ್ಮಿಯೂ ಸುಮ್ಮನಿರಬೇಕು. ಇಲ್ಲಿ ಭಾಗವತಿಕೆ ಮಾಡುವುದು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳು ಕೂಡಿ ಕಟ್ಟಿದ ಹೀಲಿಕ್ಸ್, ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಹುಟ್ಟಿದ ಮೊಸಾಯಿಕ್ ಮೊದಲಾದವು. "ಐದನೇ ಸೆಕೆಂಡಿಗೆ ಹೋಗಲೇ?" ಎಂದು ಕೇಳುತ್ತದೆ ತಂತಿಯ ತಂತ್ರಾಂಶ. "ಮೂರಕ್ಕೇ ನಿಲ್ಲು, ನಿನಗೊಂದು ಸುದ್ದಿ ಬಂದಿದೆ" ಎನ್ನುತ್ತದೆ ಹೀಲಿಕ್ಸ್. ಅದು ನಿಲ್ಲುತ್ತದೆ. ಓಡಬಲ್ಲದ್ದು ಹೀಗೆ ನಿಂತುಕೊಡುವುದರಲ್ಲೇ ಈ ಆಟದ ಸೊಗಸಿದೆ.

ಒಂದು ಸಂಜೆಯನ್ನು ಆಡಿಸಿ ನೋಡೋಣ. 230 ಇರಬೇಕಾದ ವೋಲ್ಟೇಜು 212ಕ್ಕೆ ಇಳಿಯಿತೆನ್ನಿ. ಮೀಟರು ಸುದ್ದಿ ಕಳಿಸುತ್ತದೆ, ಮನೆಗಳ ಬ್ಯಾಟರಿಗಳಿಗೆ ಕರೆಂಟು ಕೊಡಿರೆಂಬ ಅಪ್ಪಣೆ ಹೊರಡುತ್ತದೆ. ತಂತಿಯ ತಂತ್ರಾಂಶ ಒಂದೇ ಇದ್ದರೆ ವೋಲ್ಟೇಜಿನ ಗೆರೆ ಸುಮ್ಮನೆ ಮೇಲೆದ್ದು ನೆಟ್ಟಗಾಗುತ್ತದೆ. ಸಂದೇಶದ ತಂತ್ರಾಂಶವೂ ಬಂದು ಕೂತಾಗ ಸುದ್ದಿಗಳು ಸಾಲುಗಟ್ಟಿ ಅಪ್ಪಣೆ ತಡವಾಗುತ್ತದೆ. ಅಷ್ಟರಲ್ಲಿ ನಾಲ್ಕಾರು ಕಂಪ್ರೆಸರ್ ನಿಂತು ವೋಲ್ಟೇಜು ತಾನೇ ಏರಿದೆ. ತಡವಾದ ಅಪ್ಪಣೆ ಅದನ್ನು ಇನ್ನಷ್ಟು ಏರಿಸುತ್ತದೆ. ಇಳಿಸಿರೆಂಬ ಅಪ್ಪಣೆಯೂ ತಡ. ಗೆರೆ ಉಯ್ಯಾಲೆಯಾಡತೊಡಗುತ್ತದೆ. ಮೀಟರು ಹೇಳಿದ್ದು ನಿಜ, ಅಪ್ಪಣೆಯೂ ಸರಿ, ಬ್ಯಾಟರಿಯೂ ವಿಧೇಯ. ದೋಷವಿದ್ದದ್ದು ಅವರ ನಡುವಿನ ಸಂದಿಯಲ್ಲಿ. ಬಿಡಿಬಿಡಿಯಾಗಿ ಎಷ್ಟು ಪರೀಕ್ಷಿಸಿದರೂ ಕಾಣದ ಆ ತೂಗಾಟ ತೆರೆಯ ಮೇಲೆ ಮೂಡುವ ಗಳಿಗೆಯೇ ನನಗೆ ರಸದ ಗಳಿಗೆ.

ಅದನ್ನು ಕಾಣಿಸುವುದಕ್ಕೂ ಹದ ಬೇಕು. ಕಾಲದ ಹೆಜ್ಜೆ ದೊಡ್ಡದಾದರೆ ಉಯ್ಯಾಲೆ ಕಣ್ತಪ್ಪುತ್ತದೆ, ತೀರ ಚಿಕ್ಕದಾದರೆ ಒಂದು ಸಂಜೆ ಆಡಿಸಲು ಯಂತ್ರ ರಾತ್ರಿಯೆಲ್ಲ ದುಡಿಯಬೇಕಾಗುತ್ತದೆ. ಹದವರಿತು ಹೆಜ್ಜೆ ಆಯುವವನು ರಸಿಕನೂ ಹೌದು, ಎಂಜಿನಿಯರೂ ಹೌದು.

ತೆರೆಯ ಮೇಲೆ ಆ ಗೆರೆ ಎಷ್ಟೇ ತೂಗಾಡಲಿ, ಗಲ್ಲಿಯಲ್ಲಿ ಒಂದು ದೀಪವೂ ಮಿಣುಕುವುದಿಲ್ಲ. ಈ ವಿದ್ಯೆಯ ದೊಡ್ಡಸ್ತಿಕೆ ಇಷ್ಟೇ, ಇಷ್ಟು ಸಾಕು.