ಜೋತಮ್ಮಗಳು ನುಡಿದ ಸಾಕ್ಷಿ

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಪುಟ್ಟ ಕಾದಂಬರಿಯ ಮಾತೆತ್ತಿದರೆ ಚರ್ಚೆ ಭಾಷೆಯ ಸುತ್ತಲೇ ಸುತ್ತುತ್ತದೆ. ನಂಜನಗೂಡು ಸೀಮೆಯ ಆಡುನುಡಿ ಕಂಡು, ಇದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂದು ನಕ್ಕವರಿದ್ದರು. ಇದು ಕಾವ್ಯವೆಂದು ಕೊಂಡಾಡಿದವರೂ ಇದ್ದರು. ಈ ಎರಡು ಗದ್ದಲಗಳ ನಡುವೆ ಒಂದು ಸರಳ ಸಂಗತಿ ಮರೆಗೆ ಸರಿಯಿತು: ಇದು ಕೊಲೆಯ ಕಥೆ.

ಕೇರಿಯ ಹುಡುಗ ಚೆನ್ನ, ಜಮೀನ್ದಾರರ ಮನೆಮಗಳು ಕುಸುಮ. ಇಬ್ಬರೂ ಪ್ರೀತಿಸುತ್ತಾರೆ, ಮಗು ಹುಟ್ಟುತ್ತದೆ, ಚೆನ್ನ ಕೊಲೆಯಾಗುತ್ತಾನೆ. ಆದರೆ ಊರಿಗೆ ಅವನು ಸತ್ತಿಲ್ಲ, ಎಲ್ಲಿಗೋ ಹೋಗಿದ್ದಾನೆ ಅಷ್ಟೆ. ಅದೇ ಊರಲ್ಲಿ ಕಾಯಿ ಕದ್ದು ಸಿಕ್ಕಿಬಿದ್ದ ಗಾರಸಿದ್ದಮಾವನ ಸುದ್ದಿ ಮಾತ್ರ ಎಲ್ಲರ ಬಾಯಲ್ಲಿದೆ. ಹಸಿದವನ ಕಳ್ಳತನಕ್ಕೆ ಸಾಕ್ಷಿ, ಶಿಕ್ಷೆ, ಚರ್ಚೆ ಎಲ್ಲವೂ ಉಂಟು. ಉಳ್ಳವರ ಕೊಲೆಗೆ ಒಂದು ಪಿಸುಮಾತೂ ಇಲ್ಲ. ಯಾವುದನ್ನು ಅಪರಾಧವೆಂದು ಕರೆಯಬೇಕು ಎನ್ನುವುದನ್ನೂ ಜಮೀನೇ ತೀರ್ಮಾನಿಸುತ್ತದೆ.

ಹಾಗಾಗಿಯೇ ಇಲ್ಲಿ ಜೋತಮ್ಮಗಳು ಬರಬೇಕಾಗುತ್ತದೆ. ರಾತ್ರಿ ಮನೆಮನೆಯ ದೀಪದ ಜೀವಗಳು ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುಖದುಃಖ ಹೇಳಿಕೊಳ್ಳುವ ಭಾಗವನ್ನು ಮಾಂತ್ರಿಕ ವಾಸ್ತವ ಎಂದು ಪಾಠ ಮಾಡುವುದುಂಟು. ನನಗೆ ಅದು ಮಾಂತ್ರಿಕವೆನಿಸುವುದಿಲ್ಲ. ಮನುಷ್ಯರು ಬಾಯಿ ಬಿಡಲಾಗದ ಊರಿನಲ್ಲಿ ಒಳಮನೆ ಕಂಡದ್ದನ್ನು ಇನ್ನಾರು ಹೇಳಬೇಕು? ದೀಪಕ್ಕೆ ಜಾತಿಯಿಲ್ಲ, ಜೀತವಿಲ್ಲ, ಸಾಲವಿಲ್ಲ. ಭಯವಿಲ್ಲದ ಸಾಕ್ಷಿ ಅದೊಂದೇ.

ಕಾದಂಬರಿ ಬಂದು ಇಪ್ಪತ್ತೇಳು ವರ್ಷಗಳ ನಂತರ, 2011ರ ನವೆಂಬರ್‌ನಲ್ಲಿ, ಮದ್ದೂರು ತಾಲೂಕಿನ ಆಬಲವಾಡಿಯಲ್ಲಿ ದಲಿತ ಯುವಕನನ್ನು ಪ್ರೀತಿಸಿದ ಹುಡುಗಿಯೊಬ್ಬಳು ಮನೆಯವರ ಕೈಯಲ್ಲೇ ಸತ್ತಳು. ಶಿಂಷೆಯ ದಡದ ವೈದ್ಯನಾಥಪುರವೂ ಅದೇ ತಾಲೂಕಿನದು. ರೋಗ ಕಳೆಯುವ ಶಿವನೆಂದು ವೈದ್ಯನಾಥೇಶ್ವರನಿಗೆ ಜನ ಕೈಮುಗಿಯುವ ನೆಲ ಇದು. ಪತ್ರಿಕೆಗಳು ಈ ಸಾವನ್ನು ‘ಮರ್ಯಾದೆಗೇಡು ಹತ್ಯೆ’ ಎಂದವು, ‘ಮರ್ಯಾದಾ ಹತ್ಯೆ’ ಎಂದೂ ಬರೆದವು. ಎರಡು ಪದಗಳ ನಡುವಿನ ಈ ಗೊಂದಲವೇ ನಮ್ಮ ಮನಸ್ಸಿನ ಗೊಂದಲ. ಇಂಥ ಅಪರಾಧ ತಡೆಯಲು ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೆ ಕೋರ್ಟಿಗೂ ಸಾಕ್ಷಿ ಹೇಳುವವರು ಬೇಕು.

ಮದ್ದೂರಿನಿಂದ ಹಿಂತಿರುಗಿ ನೋಡಿದಾಗ ಕಾದಂಬರಿಯ ಬಗ್ಗೆ ಒಂದು ತಕರಾರೂ ಹುಟ್ಟುತ್ತದೆ. ಪುಸ್ತಕಕ್ಕೆ ಕುಸುಮಳ ಹೆಸರಿದೆ, ಅವಳ ನೋವೂ ಇದೆ. ಆದರೆ ಪ್ರೀತಿಸಿದಾಗ ಅವಳು ಏನು ಬಯಸಿದ್ದಳು, ಎಲ್ಲಿ ಬದುಕಬೇಕೆಂದುಕೊಂಡಿದ್ದಳು ಎಂಬುದು ಓದಿ ಮುಗಿಸಿದ ಮೇಲೂ ನನಗೆ ಸಿಗುವುದಿಲ್ಲ. ಪತ್ರಿಕೆಯ ವರದಿಯಲ್ಲೂ ಸತ್ತ ಹುಡುಗಿ ಹೀಗೇ: ಎಲ್ಲರೂ ಅವಳ ಬಗ್ಗೆ ಮಾತಾಡುತ್ತಾರೆ, ಅವಳ ಮಾತು ಮಾತ್ರ ಇರುವುದಿಲ್ಲ.

ಇದು ಕೃತಿಯ ಸೋಲೋ, ಊರಿನ ನಿಜವೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ‘ಕುಸುಮಬಾಲೆ’ಯ ಭಾಷೆ ಕಷ್ಟ ಎನ್ನುವವರಿಗೆ ಇಷ್ಟು ಹೇಳಬಲ್ಲೆ: ಮಂಡ್ಯದ ಯಾವ ಹಟ್ಟಿಯಲ್ಲಾದರೂ ಗಟ್ಟಿಯಾಗಿ ಓದಿ, ಅರ್ಥವಾಗುತ್ತದೆ. ಅರ್ಥವಾದ ಮೇಲೆ ಅಲ್ಲಿ ಎಷ್ಟು ಹೊತ್ತು ಮೌನ ಆವರಿಸುತ್ತದೆ ಎನ್ನುವುದನ್ನೂ ಗಮನಿಸಿ.