ಕ್ಯೋಟೋದಿಂದ ಲ್ಯಾಮಿಂಗ್ಟನ್ ರಸ್ತೆಗೆ: ನಿಂಟೆಂಡೊ ಆಟಗಳ ಒಂದು ದಶಕ

ಮಾಟುಂಗಾದಲ್ಲಿ ಒಂದು ತಾಳಮದ್ದಳೆ ಮುಗಿಯಿತೆಂದರೆ ಅದರ ವಿಮರ್ಶೆ ರಾತ್ರಿಯ ಲೋಕಲ್ ಗಾಡಿಯಲ್ಲಿ ಡೊಂಬಿವಲಿಯವರೆಗೂ ನಡೆಯುವುದುಂಟು. ಕರ್ಣನ ಅರ್ಥ ಎಲ್ಲಿ ಏರಿತು, ಶಲ್ಯ ಎಲ್ಲಿ ಜಾರಿದ, ಭಾಗವತರು ಯಾವ ಪದವನ್ನು ಬಿಟ್ಟರು, ಎಲ್ಲಕ್ಕೂ ಲೆಕ್ಕ ಇಡುವ ಜನ ನಾವು. ಆದರೆ 1990ರ ದಶಕದಲ್ಲಿ ಇದೇ ಮನೆಗಳ ಮಕ್ಕಳು ಶಾಲೆ ಬಿಟ್ಟು ಬಂದು ಟಿ.ವಿ.ಯ ಮುಂದೆ ಗಂಟೆಗಟ್ಟಲೆ ಆಡಿದ ವಿಡಿಯೋ ಆಟಗಳ ಬಗ್ಗೆ ಹಿರಿಯರಾದ ನಾವು ಆಡಿದ ಮಾತು ಒಂದೇ: ‘ಕಣ್ಣು ಹಾಳು, ಓದು ಹಾಳು.’ ಇದು ಬೈಗುಳವಾಯಿತೇ ಹೊರತು ವಿಮರ್ಶೆಯಾಗಲಿಲ್ಲ. ಆ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಅವರ ಮಕ್ಕಳ ಕೈಯಲ್ಲಿ ಫೋನು ಇದೆ, ಫೋನಿನಲ್ಲಿ ಲೆಕ್ಕವಿಲ್ಲದಷ್ಟು ಆಟಗಳಿವೆ. ಅವುಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಮೊಮ್ಮಗ ಕೇಳಿದರೆ ಹೇಳಲು ನಮ್ಮ ಹತ್ತಿರ ಒಂದು ಅಳತೆಗೋಲೂ ಇಲ್ಲ. ಅಂಥದೊಂದನ್ನು ಹುಡುಕುವ ಉದ್ದೇಶದಿಂದ ಒಂದೇ ಸಂಸ್ಥೆಯ ಒಂದೇ ದಶಕವನ್ನು, ಎಂದರೆ ಜಪಾನಿನ ನಿಂಟೆಂಡೊ ಕಂಪೆನಿ 1980ರಿಂದ 1989ರವರೆಗೆ ಹೊರತಂದ ಆಟಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಈ ಕಂಪೆನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೋ ನಗರದಲ್ಲಿ. ಆಗ ಅದು ಮಾಡುತ್ತಿದ್ದುದು ಹೂವಿನ ಚಿತ್ರಗಳಿರುವ ಇಸ್ಪೀಟಿನ ಎಲೆಗಳನ್ನು. ಆ ಎಲೆಗಳನ್ನು ತಯಾರಿಸುವ ಯಂತ್ರಗಳ ದುರಸ್ತಿಗೆಂದು 1965ರಲ್ಲಿ ಸೇರಿದ ಗುನ್‌ಪೇ ಯೊಕೊಯ್ ಎಂಬಾತ ಮುಂದೆ ಕಂಪೆನಿಯ ದಿಕ್ಕನ್ನೇ ಬದಲಿಸಿದ. ರೈಲಿನಲ್ಲಿ ಒಬ್ಬ ನೌಕರ ಹೊತ್ತು ಹೋಗದೆ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಕಂಡು ಆತನಿಗೆ ಅಂಗೈಯಲ್ಲಿ ಹಿಡಿಯುವ ಆಟದ ಯೋಚನೆ ಹೊಳೆಯಿತಂತೆ. 1980ರ ‘ಗೇಮ್ ಅಂಡ್ ವಾಚ್’ ಹುಟ್ಟಿದ್ದು ಹೀಗೆ. ಹಳತಾದ, ಅಗ್ಗವಾದ, ಎಲ್ಲರೂ ಬಲ್ಲ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕೆಂಬುದು ಯೊಕೊಯ್‌ನ ಸೂತ್ರ. ಹಿಂದಿನ ದಿನದ ಇಡ್ಲಿಯಿಂದ ಒಗ್ಗರಣೆ ಮಾಡುವ ನಮ್ಮ ಹೆಂಗಸರಿಗೆ ಈ ಸೂತ್ರವನ್ನು ವಿವರಿಸಬೇಕಾಗಿಲ್ಲ.

1983ರಲ್ಲಿ ಜಪಾನಿನಲ್ಲಿ ‘ಫ್ಯಾಮಿಕಾಂ’ ಎಂಬ, ಟಿ.ವಿ.ಗೆ ಜೋಡಿಸುವ ಯಂತ್ರ ಬಂತು. ಮುಂಬಯಿಗೆ ಅದು ಬಂದದ್ದು ಹೆಚ್ಚಾಗಿ ಬೇರೆ ಹೆಸರುಗಳ ಪೆಟ್ಟಿಗೆಗಳಲ್ಲಿ. ಸಮುರಾಯ್, ಲಿಟ್ಲ್ ಮಾಸ್ಟರ್, ಟರ್ಮಿನೇಟರ್, ಆಮೇಲೆ ನಮ್ಮ ಮುಂಬಯಿಯದೇ ಆದ ಮಿತಾಶಿ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಹಳದಿ ಬಣ್ಣದ ಕ್ಯಾಸೆಟ್ಟುಗಳು ರಾಶಿ ಬಿದ್ದಿರುತ್ತಿದ್ದವು. ಒಂದರ ಮೇಲೆ ‘99 ಆಟಗಳು’ ಎಂದಿದ್ದರೆ ಇನ್ನೊಂದರ ಮೇಲೆ ‘9999999 ಆಟಗಳು’. ಒಳಗೆ ನೋಡಿದರೆ ಇರುತ್ತಿದ್ದುದು ಬೆರಳೆಣಿಕೆಯಷ್ಟು ಆಟಗಳು, ಅವೇ ತಿರುಗಿ ತಿರುಗಿ. ಈ ನಕಲುಗಳಲ್ಲಿ ಕಂಪೆನಿಯ ಹೆಸರನ್ನು ಅಳಿಸಿಹಾಕುವುದೂ ಸಾಮಾನ್ಯವಾಗಿತ್ತು. ಅಂಕಿತ ಕಿತ್ತುಹಾಕಿದ ದಾಸರ ಪದಗಳಂತೆ, ಕರ್ತೃ ಯಾರೆಂದು ತಿಳಿಯದೆಯೇ ನಮ್ಮ ಮಕ್ಕಳು ಇವನ್ನು ಬಾಯಿಪಾಠ ಮಾಡಿಕೊಂಡರು. ಆದ್ದರಿಂದ ಮೊದಲೇ ಒಂದು ಮಾತು: ‘ಕಾಂಟ್ರಾ ಎಲ್ಲಿ?’ ಎಂದು ಕೇಳುವ ವಾಚಕರು ಕ್ಷಮಿಸಬೇಕು, ಅದು ಕೊನಾಮಿ ಎಂಬ ಬೇರೆ ಕಂಪೆನಿಯದು. ನಾವು ‘ಟ್ಯಾಂಕ್’ ಎಂದು ಕರೆದ ಬ್ಯಾಟಲ್ ಸಿಟಿ ನಾಮ್ಕೋದವರದು. ಇಲ್ಲಿ ಅವುಗಳ ಚರ್ಚೆ ಇಲ್ಲ.

ಅಳತೆಗೋಲಿನ ಮಾತು. ಯಕ್ಷಗಾನದ ಪ್ರಸಂಗ ಪುಸ್ತಕವನ್ನು ತೆರೆದರೆ ಸಿಗುವುದು ಪದ್ಯಗಳು. ಅರ್ಥ ಹೇಳುವುದು ಅರ್ಥಧಾರಿಯ ಕೆಲಸ. ಅದು ಆ ರಾತ್ರಿ, ಆ ಸಭೆಯಲ್ಲಿ ಹುಟ್ಟಬೇಕು. ವಿಡಿಯೋ ಆಟವೂ ಇಂಥದೇ ಒಂದು ಪ್ರಸಂಗವೆಂದು ನನ್ನ ಎಣಿಕೆ. ರಚಿಸಿದವನು ರಂಗವನ್ನೂ ನಿಯಮವನ್ನೂ ಕೊಡುತ್ತಾನೆ, ಅರ್ಥ ಆಡುವವನದು. ಒಳ್ಳೆಯ ಪ್ರಸಂಗಕರ್ತ ಅರ್ಥಧಾರಿಗೆ ಎಡೆ ಬಿಡುತ್ತಾನೆ. ಕೆಟ್ಟವನು ಎಲ್ಲವನ್ನೂ ತಾನೇ ಹೇಳಿ ಅವನನ್ನು ಗೊಂಬೆ ಮಾಡುತ್ತಾನೆ, ಇಲ್ಲವೆ ಏನನ್ನೂ ಕೊಡದೆ ನಡುನೀರಿನಲ್ಲಿ ಕೈಬಿಡುತ್ತಾನೆ.

ಈ ದೃಷ್ಟಿಯಿಂದ ಮೊದಲು ನೋಡಬೇಕಾದದ್ದು 1981ರ ‘ಡಾಂಕಿ ಕಾಂಗ್’. ಅಮೆರಿಕದಲ್ಲಿ ಕಂಪೆನಿಯ ‘ರೇಡಾರ್ ಸ್ಕೋಪ್’ ಎಂಬ ಆಟದ ಸುಮಾರು 2000 ಯಂತ್ರಗಳು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವು. ಅವೇ ಪೆಟ್ಟಿಗೆಗಳಲ್ಲಿ ಹಾಕಲು ಹೊಸ ಆಟವೊಂದು ಬೇಕಾಯಿತು. ಯೊಕೊಯ್‌ನ ಮೇಲ್ವಿಚಾರಣೆಯಲ್ಲಿ ಆ ಕೆಲಸ ಸಿಕ್ಕಿದ್ದು ಚಿತ್ರ ಬರೆಯುವ ತರುಣ ಶಿಗೆರು ಮಿಯಾಮೊಟೊಗೆ. ಒಂದು ಗೊರಿಲ್ಲಾ, ಅದು ಹೊತ್ತೊಯ್ದ ಹೆಣ್ಣು, ಕಬ್ಬಿಣದ ತೊಲೆಗಳ ಮೇಲೆ ಉರುಳಿ ಬರುವ ಪೀಪಾಯಿಗಳು, ಅವನ್ನು ಹಾರಿ ಹಾರಿ ಮೇಲೇರುವ ಬಡಗಿ. ಆದಿ, ಮಧ್ಯ, ಅಂತ್ಯವಿರುವ ಕಥೆಯನ್ನು ಆಟದೊಳಗೆ ಇಷ್ಟು ಸ್ಪಷ್ಟವಾಗಿ ತಂದದ್ದು ಆಗ ಹೊಸದು. ಆ ಬಡಗಿಯೇ ಮುಂದೆ ಮಾರಿಯೋ ಆದ. ಅವನಿಗೆ ಮೀಸೆ ಬಂದದ್ದು ಬಾಯಿ ಬಿಡಿಸುವಷ್ಟು ಚುಕ್ಕೆಗಳಿಲ್ಲದ ಕಾರಣ, ಟೋಪಿ ಬಂದದ್ದು ತಲೆಗೂದಲು ಬಿಡಿಸುವ ತೊಂದರೆ ತಪ್ಪಿಸಲು. ದೊಂದಿ ಬೆಳಕಿನಲ್ಲಿ ದೂರದಿಂದಲೇ ಗುರುತು ಹತ್ತಬೇಕೆಂದು ಬಣ್ಣದ ವೇಷಕ್ಕೆ ಮುಖವರ್ಣಿಕೆ ಬರೆಯುವವರು ಈ ಉಪಾಯವನ್ನು ಮೆಚ್ಚಬಹುದು. ನಾಲ್ಕು ರಂಗಗಳಿದ್ದ ಈ ಆಟ ಫ್ಯಾಮಿಕಾಂಗೆ ಬರುವಾಗ ಮೂರಕ್ಕಿಳಿಯಿತು. ನಮ್ಮ ಮಕ್ಕಳು ಕಂಡದ್ದು ಈ ಮೂರನ್ನೇ. ಇಂದು ಆಡಿದರೆ ಕೈಕಾಲು ಬಿಗಿದಂತಿದೆ. ಆಳೆತ್ತರದಿಂದ ಬಿದ್ದರೂ ಬಡಗಿ ಸಾಯುತ್ತಾನೆ. ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು, ಆಡುವ ಸುಖ ಅಷ್ಟಿಲ್ಲ.

ಈ ದಶಕದ ಮಹಾಕೃತಿ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬುದರಲ್ಲಿ ನನಗೆ ಸಂಶಯವಿಲ್ಲ. 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು ಎಂಬುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ನಕಲುಗಳ ಲೆಕ್ಕ ಅದರಲ್ಲಿ ಸೇರಿಯೂ ಇಲ್ಲ. ಅದರ ಮೊದಲ ಹಂತವನ್ನು ನಿಧಾನವಾಗಿ ನೋಡಿ. ಮಾರಿಯೋ ಪರದೆಯ ಎಡತುದಿಯಲ್ಲಿ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ. ಮುಂದೆಲ್ಲ ಬಯಲು. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದು ಪುಟ್ಟ ಶತ್ರು ಎದುರಿಗೆ ಬರುತ್ತದೆ. ಸುಮ್ಮನೆ ನಿಂತರೆ ಸಾವು, ಹಾರಿದರೆ ಬದುಕು. ಸತ್ತರೂ ಕಳೆದುಕೊಂಡದ್ದು ಕೆಲವೇ ಕ್ಷಣ. ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಗೆ ತಲೆ ತಾಗಿದರೆ ಅಣಬೆಯೊಂದು ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ಬಡಿದು, ನಮ್ಮ ಕಡೆಗೇ ತಿರುಗಿ ಬರುತ್ತದೆ. ತಪ್ಪಿಸಿಕೊಳ್ಳುವುದು ಕಷ್ಟ. ತಾಗಿದಾಗ ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದೆಂದು ತಿಳಿಯಿತು. ಕೊನೆಯ ಹೊತ್ತಿಗೆ ಎರಡು ಮೆಟ್ಟಿಲ ಸಾಲುಗಳು ಎದುರುಬದುರು ಬರುತ್ತವೆ, ನಡುವೆ ನೆಲವಿದೆ. ಬಿದ್ದರೂ ಅಪಾಯವಿಲ್ಲ, ಅಭ್ಯಾಸಕ್ಕೆ. ಒಡನೆಯೇ ಅಂಥದೇ ಇನ್ನೊಂದು ಜೋಡಿ, ಅಲ್ಲಿ ನಡುವೆ ಹೊಂಡ!

ಇಷ್ಟರಲ್ಲಿ ಒಂದು ಪದವನ್ನೂ ಓದಿಸಲಿಲ್ಲ. ಈ ಗುಣ ನಮ್ಮಂಥವರ ಮನೆಗಳಲ್ಲಿ ಎಷ್ಟು ದೊಡ್ಡದೆಂಬುದನ್ನು ಯೋಚಿಸಿ. ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಊರಿನಿಂದ ಆಗಷ್ಟೇ ಬಂದ ಹುಡುಗನಿಗೆ ಇವುಗಳಲ್ಲಿ ಯಾವುದರಲ್ಲೂ ಧೈರ್ಯವಿರುವುದಿಲ್ಲ. ಆದರೆ ಈ ಆಟದ ಮುಂದೆ ಅವನೂ ಕಾನ್ವೆಂಟಿನ ಹುಡುಗನೂ ಸಮಾನರು. ಮಾತಿಲ್ಲದೆ ಕಲಿಸುವ ಗುರು ಸಿಗುವುದು ಸುಲಭವಲ್ಲ.

ಇಷ್ಟೆಲ್ಲ ಅಡಗಿದ್ದುದು ಕೇವಲ 40 ಕಿಲೋಬೈಟುಗಳಲ್ಲಿ. ಇಂದು ಮದುವೆಮನೆಯಲ್ಲಿ ಫೋನಿನಿಂದ ತೆಗೆಯುವ ಒಂದು ಫೋಟೋ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಹಗಲು ಹಜಾರ, ರಾತ್ರಿ ಮಲಗುವ ಮನೆ ಎಂದು ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರಿಗೆ ಈ ಜಾಣತನ ಪರಿಚಿತವೇ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿದರೆ ಅಷ್ಟು ಎತ್ತರದ ನೆಗೆತ. ಓಡಿ ಬಂದು ಹಾರಿದರೆ ಇನ್ನೂ ದೂರ. ಕೋಜಿ ಕೊಂಡೊ ಅವರ ಸಂಗೀತ ಕಾಲುಗಳ ಲಯಕ್ಕೆ ಹೊಂದಿಕೊಂಡಿದೆ. ಉಳಿದ ಸಮಯ ನೂರಕ್ಕಿಂತ ಕೆಳಗಿಳಿದಾಗ ಅದೇ ರಾಗ ದ್ರುತಕ್ಕೇರುತ್ತದೆ, ಆಡುವವನ ಎದೆಬಡಿತವೂ ಏರುತ್ತದೆ. ಎರಡನೆಯ ಹಂತದಲ್ಲಿ ಮೇಲ್ಛಾವಣಿಯನ್ನೇರಿ ಓಡಿದರೆ ಮುಂದಿನ ಲೋಕಗಳಿಗೆ ಒಯ್ಯುವ ಗುಪ್ತ ಕೊಳವೆಗಳು ಸಿಗುತ್ತವೆ. ಈ ಗುಟ್ಟು ಪುಸ್ತಕವಿಲ್ಲದೆ, ಪತ್ರಿಕೆಯಿಲ್ಲದೆ, ಒಂದು ಚಾಳಿನಿಂದ ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಹಬ್ಬಿತು. ಜಾನಪದವೆಂದರೆ ಬೇರೇನು?

ಇನ್ನೊಂದು ಗುಣವನ್ನು ಇಂದಿನ ತಾಯಿತಂದೆಯರು ಗಮನಿಸಬೇಕು. ಎಂಟು ಲೋಕ, ಒಂದೊಂದರಲ್ಲಿ ನಾಲ್ಕರಂತೆ 32 ಹಂತಗಳು, ಅಲ್ಲಿಗೆ ಕಥೆ ಮುಗಿಯುತ್ತದೆ. ಫೋನಿನ ಎಷ್ಟೋ ಆಟಗಳಿಗೆ ಮುಗಿಯುವುದೇ ಗೊತ್ತಿಲ್ಲ. ಸೋತ ಗಳಿಗೆಯಲ್ಲಿ ಅವು ಕೈ ಚಾಚಿ ಹಣ ಕೇಳುತ್ತವೆ, ಇಲ್ಲವೆ ಜಾಹೀರಾತು ನೋಡೆನ್ನುತ್ತವೆ. ಮಾರಿಯೋ ಸೋತವನಿಗೆ ಮತ್ತೆ ಮೊದಲಿಂದ ಆಡು ಎನ್ನುತ್ತದೆಯೇ ಹೊರತು ಕಿಸೆಗೆ ಕೈ ಹಾಕುವುದಿಲ್ಲ. ‘ಆಟ ಕೆಟ್ಟದ್ದು’ ಎಂದು ಒಟ್ಟಾಗಿ ಬೈಯುವ ಬದಲು ಈ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಅವರು ಕೇಳಿಯಾರು.

ದೋಷವಿಲ್ಲವೆಂದಲ್ಲ. ಕಥೆಯೆಂಬುದು ಅಪಹೃತಳಾದ ರಾಜಕುಮಾರಿಯನ್ನು ಬಿಡಿಸುವಷ್ಟೇ. ಏಳು ಕೋಟೆಗಳ ಕೊನೆಯಲ್ಲಿ ‘ಅವಳು ಇಲ್ಲಿಲ್ಲ’ ಎಂಬ ಉತ್ತರ. ಅಶೋಕವನದ ಸೀತೆಗೆ ಮಾತಿತ್ತು, ಛಲವಿತ್ತು, ರಾವಣನೆದುರು ಹುಲ್ಲುಕಡ್ಡಿ ಹಿಡಿದು ನಿಲ್ಲುವ ತೇಜಸ್ಸಿತ್ತು. ಈ ರಾಜಕುಮಾರಿ ಬರಿಯ ಬಹುಮಾನ.

‘ಡಕ್ ಹಂಟ್’ (1984) ನಮ್ಮ ಮನೆಗಳಲ್ಲಿ ಮಾರಿಯೋನಷ್ಟೇ ಜನಪ್ರಿಯ. ಅದರ ಬಂದೂಕಿನ ಒಳಗುಟ್ಟು ಆಟಕ್ಕಿಂತ ಸ್ವಾರಸ್ಯಕರ. ಬಂದೂಕು ಗುಂಡು ಹಾರಿಸುವುದಿಲ್ಲ, ನೋಡುತ್ತದೆ. ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿಯ ಚೌಕ ಮೂಡುತ್ತದೆ; ನಳಿಗೆಯೊಳಗಿನ ಕಣ್ಣಿಗೆ ಆ ಬೆಳಕು ಬಿದ್ದರೆ ಹಕ್ಕಿ ಉರುಳಿತು. ಹಳೆಯ ಗಾಜಿನ ಕೊಳವೆಯ ಟಿ.ವಿ.ಗಳಿಗೆ ಮಾತ್ರ ಹೊಂದುವ ಈ ಉಪಾಯ ಇಂದಿನ ಚಪ್ಪಟೆ ಟಿ.ವಿ.ಗಳ ಮುಂದೆ ನಡೆಯದು. ಆಟವಾಗಿ ಮಾತ್ರ ಇದು ತೆಳು. ಹಕ್ಕಿಗಳು ವೇಗವಾಗುತ್ತ ಹೋಗುತ್ತವೆ, ಅಷ್ಟೆ. ಗುರಿ ತಪ್ಪಿದಾಗ ಹುಲ್ಲಿನಿಂದೆದ್ದು ನಗುವ ನಾಯಿಯನ್ನು ಒಂದು ತಲೆಮಾರಿನ ಮಕ್ಕಳು ಮನಸಾರೆ ದ್ವೇಷಿಸಿದರು. ಮನೆಯ ಆವೃತ್ತಿಯಲ್ಲಿ ಅದಕ್ಕೆ ಗುಂಡೇಟು ತಾಗುವುದಿಲ್ಲ.

ಅಣ್ಣತಮ್ಮಂದಿರ ಕೂಡಾಟಕ್ಕೆ ಇದಕ್ಕಿಂತ ಮೇಲಾದವು ‘ಬಲೂನ್ ಫೈಟ್’, ‘ಐಸ್ ಕ್ಲೈಂಬರ್’. ಮಾರಿಯೋನಲ್ಲಿ ಅಣ್ಣ ಸಾಯುವವರೆಗೆ ತಮ್ಮ ಕಾಯಬೇಕು (ಅಣ್ಣ ಜಾಣನಾದರೆ ತಮ್ಮನ ಗತಿ ಹೇಳಬೇಕಾಗಿಲ್ಲ). ಇವುಗಳಲ್ಲಿ ಇಬ್ಬರೂ ಒಟ್ಟಿಗೆ. ‘ಐಸ್ ಕ್ಲೈಂಬರ್’ನಲ್ಲಿ ಒಬ್ಬ ಅವಸರದಿಂದ ಮೇಲೇರಿದರೆ ಪರದೆಯೇ ಮೇಲೆ ಸರಿದು ಕೆಳಗುಳಿದವನು ಸಾಯುತ್ತಾನೆ. ಸಂಸಾರದ ನೀತಿಯನ್ನು ಉಪದೇಶವಿಲ್ಲದೆ ಹೇಳಿದ ಆಟವಿದು. ‘ಎಕ್ಸೈಟ್‌ಬೈಕ್’ನಲ್ಲಿ ಓಟದ ದಾರಿಯನ್ನು ತಾವೇ ಕಟ್ಟಬಹುದಿತ್ತು, ಯಂತ್ರ ಆರಿಸಿದೊಡನೆ ಕಟ್ಟಿದ್ದೆಲ್ಲ ಮಾಯ. ಮಳೆಗಾಲದ ಮರಳಿನ ಮನೆಯಂತೆ, ಅದಕ್ಕೂ ಒಂದು ಸುಖವಿತ್ತು.

1986ರಲ್ಲಿ ಬಂದ ಎರಡು ದೊಡ್ಡ ಕೃತಿಗಳು ನಮ್ಮ ಬಹುಪಾಲು ಮನೆಗಳಿಗೆ ತಲುಪಲೇ ಇಲ್ಲ. ‘ದಿ ಲೆಜೆಂಡ್ ಆಫ್ ಜೆಲ್ಡಾ’ ಮಿಯಾಮೊಟೊ ತನ್ನ ಬಾಲ್ಯದ ಸೊನೊಬೆ ಊರಿನ ಗುಡ್ಡ, ಗುಹೆಗಳಲ್ಲಿ ಅಲೆದ ನೆನಪಿನಿಂದ ಹುಟ್ಟಿದ್ದು. ಆಡುವವನನ್ನು ಕಾಡಿನ ನಡುವೆ ನಿಲ್ಲಿಸಿ ‘ಹುಡುಕು’ ಎನ್ನುತ್ತದೆ. ದಿನಗಟ್ಟಲೆ ಆಡುವ ಇದಕ್ಕೆ ಆಟವನ್ನು ಉಳಿಸಿಡುವ ವ್ಯವಸ್ಥೆ ಬೇಕು, ಇಂಗ್ಲಿಷಿನ ಸುಳಿವುಗಳನ್ನು ಓದಲು ಬರಬೇಕು. ‘99 ಆಟಗಳ’ ಅಗ್ಗದ ಕ್ಯಾಸೆಟ್ಟಿನಲ್ಲಿ ಅದಕ್ಕೆ ಜಾಗವೆಲ್ಲಿ? ಬಾಲ್ಯದ ಗುಡ್ಡವನ್ನು ಊರಲ್ಲೇ ಬಿಟ್ಟುಬಂದ ನಮ್ಮವರು ಇದನ್ನು ಕಂಡಿದ್ದರೆ ಬಹುಶಃ ಬೇಗ ಅರ್ಥಮಾಡಿಕೊಳ್ಳುತ್ತಿದ್ದರು. ಮತ್ತೊಂದು ‘ಮೆಟ್ರಾಯ್ಡ್’. ಕವಚ ತೊಟ್ಟ ಯೋಧ ಕೊನೆಯಲ್ಲಿ ಹೆಣ್ಣೆಂದು ಬಯಲಾಗುವುದು ಅದರ ಪ್ರಸಿದ್ಧಿ. ಆದರೆ ಬೇಗ ಮುಗಿಸಿದವರಿಗೆ ಅವಳನ್ನು ಇನ್ನಷ್ಟು ಕಡಿಮೆ ಉಡುಗೆಯಲ್ಲಿ ತೋರಿಸುವ ‘ಬಹುಮಾನ’ವೂ ಇದೆ. ಒಂದು ಕೈಯಿಂದ ಕೊಟ್ಟ ಗೌರವವನ್ನು ಇನ್ನೊಂದು ಕೈ ಕಸಿದಿದೆ.

1988ರ ‘ಸೂಪರ್ ಮಾರಿಯೋ ಬ್ರದರ್ಸ್ 3’ ಪರದೆ ಮೇಲೇಳುವುದರೊಂದಿಗೆ ಆರಂಭವಾಗುತ್ತದೆ, ನಾಟಕದಂತೆಯೇ. ವೈಭವದಲ್ಲಿ ಮೊದಲನೆಯದನ್ನು ಮೀರಿಸಿದೆ. ಆದರೂ ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ.

ದಶಕದ ಕೊನೆಯಲ್ಲಿ, 1989ರಲ್ಲಿ, ಯೊಕೊಯ್ ತಂಡದ ‘ಗೇಮ್ ಬಾಯ್’ ಬಂತು. ಹಸಿರು ಛಾಯೆಯ ಮಂಕು ಪರದೆ, ನಾಲ್ಕು ಸೆಲ್ಲುಗಳು. ಅದರೊಂದಿಗೆ ಲೋಕವನ್ನು ಗೆದ್ದ ಆಟ ‘ಟೆಟ್ರಿಸ್’. ಇದನ್ನು ಕಲ್ಪಿಸಿದವನು ನಿಂಟೆಂಡೊದವನಲ್ಲ, ಮಾಸ್ಕೋದ ಅಲೆಕ್ಸಿ ಪಜಿತ್‌ನೊವ್, 1984ರಲ್ಲಿ. ಆದರೆ ಹಸ್ತಪ್ರತಿಯನ್ನು ಗುರುತಿಸಿ ಸರಿಯಾದ ರೂಪದಲ್ಲಿ ಓದುಗರ ಕೈಗಿಡುವುದೂ ಪ್ರಕಾಶಕನ ಪ್ರತಿಭೆಯೇ ಆದ್ದರಿಂದ ಈ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ ಕೊಡಲು ನನಗೆ ಸಂಕೋಚವಿಲ್ಲ. ರಾಜಕುಮಾರಿಯಿಲ್ಲ, ಶತ್ರುವಿಲ್ಲ, ಗೆಲುವೂ ಇಲ್ಲ. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಹೊಂದಿಸುತ್ತ ಹೋಗಬೇಕು, ಒಂದು ಗಳಿಗೆಯಲ್ಲಿ ತುಂಬಿ ಮುಗಿಯುತ್ತದೆ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳ ಮುಂದೆ ಆಟಿ ತಿಂಗಳು ಕಳೆದ ಅಜ್ಜಿಯರ ಕೈಗೆ ಇದನ್ನು ಕೊಟ್ಟಿದ್ದರೂ ಬಿಡುತ್ತಿರಲಿಲ್ಲ. ಗೇಮ್ ಬಾಯ್ ಕೊಳ್ಳುವ ಶಕ್ತಿ ನಮ್ಮಲ್ಲಿ ಕೆಲವರಿಗಷ್ಟೇ ಇತ್ತು. ಅದರ ಬದಲು ‘ಬ್ರಿಕ್ ಗೇಮ್’ ಎಂಬ ಅಗ್ಗದ ಅನುಕರಣೆ ಮುಂಬಯಿಯನ್ನು ತುಂಬಿತು. ರೈಲಿನಲ್ಲಿ ಕ್ಯಾಲ್ಕ್ಯುಲೇಟರು ಒತ್ತುತ್ತಿದ್ದ ಆ ಜಪಾನೀ ನೌಕರನಂತೆಯೇ, ವಿರಾರಿಗೂ ಕಲ್ಯಾಣಕ್ಕೂ ಹೋಗುವ ಸೆಕೆಂಡ್ ಕ್ಲಾಸ್ ಡಬ್ಬಿಗಳಲ್ಲಿ, ಮಗನ ಕೈಯಿಂದ ಕಿತ್ತುಕೊಂಡದ್ದನ್ನು ಅಪ್ಪಂದಿರೇ ಆಡುತ್ತಿದ್ದರು, ಕಣ್ಣು ಹಾಳಾಗುವ ಮಾತನ್ನು ಮರೆತು.