ಮರಳದವರ ಮಣ್ಣು

ಊರು ಬಿಟ್ಟ ಕನ್ನಡಿಗರ ಮನೆಯ ಕಪಾಟಿನಲ್ಲಿ 'ಮರಳಿ ಮಣ್ಣಿಗೆ' ಇದ್ದೇ ಇರುತ್ತದೆ. ಪುಣೆಯ ನನ್ನ ಮನೆಯಲ್ಲೂ ಇದೆ. ಶಿವರಾಮ ಕಾರಂತರ ಈ ಕಾದಂಬರಿಯನ್ನು ನಾವು ನೆನೆಯುವುದು ಅದರ ಕೊನೆಯಿಂದ: ಮದ್ರಾಸು, ಮುಂಬಯಿ ಕಂಡು ಬಂದ ರಾಮ ಕೋಡಿಯ ಮಣ್ಣಿಗೆ ಮರಳುತ್ತಾನೆ. ನಾವೂ ಒಂದು ದಿನ ಮರಳುತ್ತೇವೆ ಅಂದುಕೊಂಡು ಪುಸ್ತಕ ಮುಚ್ಚುತ್ತೇವೆ. ಈಚೆಗೆ ಮತ್ತೆ ಓದಿದಾಗ, ಈ ಓದು ನಮ್ಮ ಅನುಕೂಲಕ್ಕೆ ನಾವೇ ಮಾಡಿಕೊಂಡದ್ದು ಅನಿಸಿತು.

ಕಾದಂಬರಿಯಲ್ಲಿ ರಾಮನಿಗಿಂತ ಮೊದಲೇ ಎರಡೂರಿನ ಬದುಕು ಬಂದಿದೆ. ಶೀನಮಯ್ಯನ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾರೆ. ಆ ದುಡ್ಡಿನಿಂದ ಊರಿನ ಮನೆಗೆ ಅಂತಸ್ತು ಬರುತ್ತದೆ. ಅದನ್ನು ಕಂಡ ರಾಮ ಐತಾಳರಿಗೆ ಹೊಟ್ಟೆಕಿಚ್ಚು. ಮಗ ಲಚ್ಚನನ್ನು ಇಂಗ್ಲಿಷ್ ಓದಿಸುವ ಹಠ ಹುಟ್ಟುತ್ತದೆ, ಅದೇ ಲಚ್ಚ ಮುಂದೆ ಆಸ್ತಿ ಕರಗಿಸುತ್ತಾನೆ. ಪೇಟೆಯ ದುಡ್ಡು ಮನೆ ಎತ್ತರಿಸಿತು, ಪೈಪೋಟಿ ಬೆಳೆಸಿತು. ಗದ್ದೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿದವರು ಮಾತ್ರ ಪಾರೋತಿ, ಸರಸೋತಿ. ದುಡಿಮೆ ಅವರದು, ತೀರ್ಮಾನ ಐತಾಳರದು. ಕಾರಂತರ ಕಣ್ಣು ಇದನ್ನು ತಪ್ಪಿಸಿಕೊಂಡಿಲ್ಲ. ಆದರೆ ಕಥೆಯ ಗಂಟು ಬಿಚ್ಚುವುದು ಒಬ್ಬ ಗಂಡಸು ಮರಳುವುದರಲ್ಲಿ. ಮರಳದವರ ಮಣ್ಣಿನ ಗತಿಯೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಆ ಪ್ರಶ್ನೆ ಈಗ ನಮ್ಮದು. ಕುಂದಾಪುರದ ಕಡೆಯ ನಮ್ಮ ಎರಡು ಗದ್ದೆ ಹಡಿಲು ಬಿದ್ದು ಆರು ವರ್ಷವಾಯಿತು. ಪಹಣಿಯಲ್ಲಿ ಮೂವರ ಹೆಸರು: ನಾನು ಪುಣೆಯಲ್ಲಿ, ಅಣ್ಣ ಹೈದರಾಬಾದಿನಲ್ಲಿ, ಅಕ್ಕ ಮುಂಬಯಿಯಲ್ಲಿ. ಪಕ್ಕದ ಗದ್ದೆಯವರು "ನಾವು ನಟ್ಟಿ ಮಾಡಲಾ?" ಎಂದು ಪ್ರತಿವರ್ಷ ಕೇಳುತ್ತಾರೆ. ವಾಟ್ಸಾಪಿನಲ್ಲಿ ನಾವು ಮೂವರೂ ಬರೆಯುವುದು ಒಂದೇ ಮಾತು: "ನೋಡೋಣ". ನಮ್ಮ ಪಾಲಿನ ತೋಡು ಹೂಳು ತುಂಬಿ, ಹೋದ ಮಳೆಗಾಲ ಅವರ ಗದ್ದೆಯಲ್ಲೂ ನೀರು ನಿಂತಿತು. ಹಡಿಲು ಬಿದ್ದ ಗದ್ದೆ ಒಂಟಿಯಾಗಿ ಹಾಳಾಗುವುದಿಲ್ಲ.

ನಮ್ಮ ಹತ್ತಿರ ಒಂದು ನೆಪವೂ ಇದೆ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗದ್ದೆಯನ್ನು ಗೇಣಿಗೆ ಕೊಡುವುದು ಬಹುಮಟ್ಟಿಗೆ ನಿಷಿದ್ಧ. ಉಳುವವನಿಗೆ ನೆಲ ಸಿಗಲೆಂದು ಬಂದ ಆ ಕಾನೂನು ನ್ಯಾಯದ್ದೇ. ಅದರ ಮರೆಯಲ್ಲಿ ನಿಂತು, ಉಳುವ ಮನಸ್ಸಿದ್ದವರನ್ನು ಉಳದ ನಾವು ಬೇಲಿಯಾಚೆ ಇಟ್ಟಿದ್ದೇವೆ. ಕೊಟ್ಟರೆ ಹೋದೀತು ಎಂಬ ಭಯ ನಮ್ಮದು. ಬೆಳೆ ಹೋದದ್ದು ಅವರದು.

ಆಫೀಸಿನಲ್ಲಿ, ಕೆಲಸ ಮಾಡುವವನಿಗೇ ತೀರ್ಮಾನದ ಹಕ್ಕೂ ಇರಬೇಕು ಎಂದು ನಾನು ಭಾಷಣ ಬಿಗಿಯುತ್ತೇನೆ. ಊರಿನ ವಿಷಯಕ್ಕೆ ಬಂದರೆ ನಾನೂ ಐತಾಳರೇ.

ಆದ್ದರಿಂದ 'ಮರಳಿ ಮಣ್ಣಿಗೆ'ಯನ್ನು ರಾಮನ ಕಥೆಯಾಗಿ ಓದುವುದನ್ನು ಸ್ವಲ್ಪ ನಿಲ್ಲಿಸೋಣ. ಪಾರೋತಿಯ ಕಥೆಯಾಗಿ ಓದೋಣ. ಆಗ ಕಾದಂಬರಿ ನಮ್ಮನ್ನು ಕೇಳುವುದು "ಯಾವಾಗ ಬರುತ್ತೀರಿ?" ಎಂದಲ್ಲ. "ಇಲ್ಲಿ ಇರುವವರಿಗೆ ಯಾವಾಗ ಬಿಟ್ಟುಕೊಡುತ್ತೀರಿ?" ಎಂದು. ಕಾರ್ತೆಲ್ ಸಾಲಿಗೆ ಇನ್ನೂ ಸಮಯವಿದೆ. ಈ ಸಲ "ನೋಡೋಣ" ಅನ್ನದೆ "ನಟ್ಟಿ ಮಾಡಿ" ಅನ್ನಬೇಕೆಂದು ಅಣ್ಣನಿಗೂ ಅಕ್ಕನಿಗೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.